ದಂಟುವಿನ ಬಿಸಿಲು

ನಮ್ಮೂರಲ್ಲಿ ಮಕ್ಕಳು ಸಾಕಲು ಪ್ರಾಣಿಯ ಮರಿ ಆರಿಸಿಕೊಳ್ಳುವ ದಿನ ನಾನು ತಡವಾಗಿ ಹೋದೆ. ತಪ್ಪು ನನ್ನದಲ್ಲ, ನನ್ನ ಜಡೆಯದು. ಎರಡೂ ಜಡೆ ಸಮಸಮವಾಗಿ ಬರುವವರೆಗೆ ಅಮ್ಮ ನನ್ನನ್ನು ಹೊಸಿಲು ದಾಟಲು ಬಿಡಲಿಲ್ಲ. ಮರಿಮನೆ ತಲುಪುವಷ್ಟರಲ್ಲಿ ನನ್ನ ಓರಗೆಯವರೆಲ್ಲ ಬೆಂಕಿ ಉಗುಳುವ ಬೆಂಕಿಮರಿಗಳನ್ನು ಎತ್ತಿಕೊಂಡು, ಮೂಗು ಮೇಲೆ ಮಾಡಿಕೊಂಡು ಮನೆ ಕಡೆ ಹೊರಟಿದ್ದರು. ನೀರಿನ ಮರಿಗಳೂ ಖಾಲಿಯಾಗಿದ್ದವು. ಬುಟ್ಟಿಯ ತಳದಲ್ಲಿ ಒಂದೇ ಒಂದು ಹುಲ್ಲುಮರಿ ಉಳಿದಿತ್ತು. ಕಪ್ಪೆಗಿಂತ ದಪ್ಪ, ಆಮೆಗಿಂತ ಚುರುಕು, ಬೆನ್ನ ಮೇಲೆ ಒಂದು ಹಿಡಿ ಸೊಪ್ಪು. "ತಗೊಳಮ್ಮ, ಇದಕ್ಕೆ ಊಟ ಹಾಕೋ ತಾಪತ್ರಯ ಇಲ್ಲ. ಬಿಸಿಲಲ್ಲಿ ಇಟ್ರೆ ಸಾಕು" ಎಂದು ಮರಿಮನೆಯವರು ಸಮಾಧಾನ ಹೇಳಿದರು. ನಾನು ದಾರಿಯುದ್ದಕ್ಕೂ ಅತ್ತೆ. ಮರಿ ಮಾತ್ರ ನನ್ನ ಕಂಕುಳಲ್ಲಿ ಕೂತು ಜಡೆಯ ರಿಬ್ಬನ್ನನ್ನು ಅರ್ಧ ತಿಂದು ಮುಗಿಸಿತು. ಬೆನ್ನ ಸೊಪ್ಪು ದಂಟಿನ ಸೊಪ್ಪಿನ ಹಾಗೇ ಇದ್ದದ್ದರಿಂದ ಅಮ್ಮ ಅದಕ್ಕೆ ದಂಟು ಎಂದು ಹೆಸರಿಟ್ಟಳು. ಬೇರೆಯವರ ಮರಿಗಳಿಗೆ ಜ್ವಾಲಾ, ಅಗ್ನಿವೀರ, ಪ್ರಚಂಡ ಎಂದೆಲ್ಲ ಹೆಸರು. ನನ್ನದು ದಂಟು.

ನಮ್ಮಲ್ಲಿ ದಾರಿಯಲ್ಲಿ ಯಾರಾದರೂ ಸಿಕ್ಕರೆ ಚೆನ್ನಾಗಿದ್ದೀರಾ ಎಂದು ಕೇಳುವ ಮೊದಲು ನಿಮ್ಮದು ಎಷ್ಟನೇ ಮಟ್ಟ ಎಂದು ಕೇಳುತ್ತಾರೆ. ಪ್ರಾಣಿ ಎಷ್ಟು ಕಾದಾಡುತ್ತದೋ ಅಷ್ಟು ಅದರ ಮಟ್ಟ ಏರುತ್ತದೆ. ಎಷ್ಟೇ ಏರಿದರೂ ಅದರ ತಲೆಯಲ್ಲಿ ನಾಲ್ಕೇ ಪಟ್ಟುಗಳಿಗೆ ಜಾಗ. ಐದನೆಯದು ಕಲಿಯಬೇಕಾದರೆ ಒಂದನ್ನು ಮರೆಯಬೇಕು. ಹಾಗಾಗಿ ಯಾವುದನ್ನು ಕಲಿಸಬೇಕು, ಯಾವುದನ್ನು ಮರೆಸಬೇಕು ಎಂದು ಮನೆಮಂದಿಯೆಲ್ಲ ಕೂತು, ಮಗಳಿಗೆ ಗಂಡು ನೋಡುವಷ್ಟು ಯೋಚನೆ ಮಾಡುತ್ತಾರೆ. ನಾನು ಅಷ್ಟು ತಲೆ ಕೆಡಿಸಿಕೊಂಡವಳಲ್ಲ. ನನಗೆ ಮನೆಗೆಲಸಕ್ಕೆ ಏನು ಬೇಕೋ ಅದನ್ನು ಕಲಿಸಿದೆ. ದಂಟು ಬಳ್ಳಿ ಚಾಚಿ ಅಟ್ಟದ ಮೇಲಿನ ಡಬ್ಬ ಇಳಿಸುತ್ತಿತ್ತು. ನಿದ್ದೆಪುಡಿ ಉದುರಿಸಿ ಅಕ್ಕಪಕ್ಕದ ಮನೆಯ ಅಳುವ ಕೂಸುಗಳನ್ನು ಮಲಗಿಸುತ್ತಿತ್ತು. ಅಂಟುಬೀಜ ಉಗುಳಿ ಕಾಗೆಗಳ ಮೈಗೆ ಹತ್ತಿಸುತ್ತಿತ್ತು. ಆ ಬೀಜ ಅಂಟಿತೆಂದರೆ ಅಂಟಿಸಿಕೊಂಡವರ ಕಸುವು ಸ್ವಲ್ಪಸ್ವಲ್ಪವೇ ಸೋರಿ ದಂಟುವಿನ ಹೊಟ್ಟೆ ಸೇರುತ್ತದೆ. ನಾಲ್ಕನೆಯದು ಬಿಸಿಲು ಕುಡಿಯುವುದು. ಎಷ್ಟೇ ಸೋತು ಸುಣ್ಣವಾಗಿದ್ದರೂ ಒಂದು ಗಳಿಗೆ ಬಿಸಿಲಲ್ಲಿ ಬಾಯಿ ಕಳೆದು ನಿಂತರೆ ಸಾಕು, ಮೈ ತುಂಬಿಕೊಳ್ಳುತ್ತಿತ್ತು.

ಕಾಗೆಗಳ ವಿಷಯಕ್ಕೆ ಬಂದೆ. ನಾನು ಹಪ್ಪಳ ಮಾಡಿ ಮಾರುವವಳು. ನಮ್ಮ ತಾರಸಿಯ ತುಂಬ ದಿನವೂ ಹಳೆ ಪಂಚೆ ಹಾಸಿ ಹಪ್ಪಳ ಒಣಹಾಕಿರುತ್ತೇನೆ. ಕಾವಲಿಗೆ ದಂಟು. ಊರವರು ತಮ್ಮ ಪ್ರಾಣಿಗಳನ್ನು ದೊಡ್ಡ ದೊಡ್ಡ ಕಣಗಳಿಗೆ ಕರೆದುಕೊಂಡು ಹೋಗಿ ಕಾದಾಡಿಸುತ್ತಿದ್ದರೆ ನನ್ನ ದಂಟು ಬೆಳಗಿನಿಂದ ಸಂಜೆವರೆಗೆ ಕಾಗೆಗಳ ಜೊತೆ ಕಾದಾಡುತ್ತಿತ್ತು. ಕಾಗೆ ಹೊಡೆದರೂ ಮಟ್ಟ ಏರುತ್ತದೆ, ಚೂರುಪಾರು. ಊರಲ್ಲಿ ಯಾರೂ ಇದನ್ನು ಲೆಕ್ಕಕ್ಕೆ ಹಿಡಿದಿರಲಿಲ್ಲ. ನಾನೂ ಬಾಯಿ ಬಿಟ್ಟಿರಲಿಲ್ಲ.

ಮಟ್ಟ ಏರಿದ ಪ್ರಾಣಿಗೆ ಬೆಳೆಯುವ ಹೊತ್ತು ಬರುತ್ತದೆ. ಆಗ ಮೈಯೆಲ್ಲ ಬೆಳ್ಳಗೆ ಬೆಳಗುತ್ತದೆ. ಅದು ತನ್ನವರ ಮುಖ ನೋಡುತ್ತದೆ. ಅವರು ಬೇಡ ಎಂದರೆ ಬೆಳಕು ಆರಿ, ಇದ್ದ ಹಾಗೇ ಉಳಿಯುತ್ತದೆ. ಸುಮ್ಮನಿದ್ದರೆ ಬೆಳೆಯುತ್ತದೆ. ಒಮ್ಮೆ ಬೆಳೆದದ್ದು ಮತ್ತೆ ಚಿಕ್ಕದಾಗುವುದಿಲ್ಲ. ಬೆಂಕಿಯವರು, ನೀರಿನವರು ಆ ಹೊತ್ತಿಗಾಗಿ ಬಾಯಿಗೆ ಬೀಗ ಹಾಕಿಕೊಂಡು ಕಾಯುತ್ತಾರೆ. ನನ್ನದು ಬೆಳಗಿದಾಗೆಲ್ಲ ನಾನು ಬೇಡ ಎನ್ನುತ್ತಿದ್ದೆ. ಚಿಕ್ಕದಾಗಿದ್ದರೆ ಪಟ್ಟು ಬೇಗ ಕಲಿಯುತ್ತೆ ಎಂದು ಊರಿಗೆಲ್ಲ ಕಾರಣ ಹೇಳುತ್ತಿದ್ದೆ. ಅದು ಸುಳ್ಳೇನಲ್ಲ. ಆದರೆ ಬೆಳೆದ ಹುಲ್ಲುಪ್ರಾಣಿ ನಿಂತಲ್ಲೇ ಬೇರು ಬಿಡುತ್ತದೆ, ಮನೆಯೊಳಗೆ ಬರುವುದಿಲ್ಲ. ದಂಟು ಸಂಜೆಯಾದರೆ ನನ್ನ ಮಡಿಲೇರುತ್ತಿತ್ತು. ನಾನು ಕಿಟಕಿ ಪಕ್ಕ ಕೂತು ಮರುದಿನದ ಹಿಟ್ಟು ಉಂಡೆ ಮಾಡುತ್ತ, ಅದರ ಬೆನ್ನಿನ ಹಣ್ಣೆಲೆಗಳನ್ನು ಆರಿಸಿ ತೆಗೆಯುತ್ತಿದ್ದೆ. ಅದು ಬಳ್ಳಿ ಚಾಚಿ ಉಂಡೆ ಕದಿಯಲು ಹೋಗುತ್ತಿತ್ತು. ಬೇಡ ಎಂದರೆ ಪೆಚ್ಚಾಗಿ ಬಳ್ಳಿ ಹಿಂದಕ್ಕೆಳೆದುಕೊಳ್ಳುತ್ತಿತ್ತು. ಆ ಪೆಚ್ಚು ಮುಖ ನನಗೆ ಎಷ್ಟು ಇಷ್ಟವಾಗಿತ್ತೆಂದರೆ ಅದನ್ನು ಬಿಟ್ಟುಕೊಡಲು ಮನಸ್ಸು ಬರುತ್ತಿರಲಿಲ್ಲ.

ನಮ್ಮನೆಯವರು ಶೇಷಗಿರಿ, ಹೊರ ಊರಿನವರು. ಮದುವೆಯಾಗಿ ನಮ್ಮೂರಿಗೆ ಬಂದರು. ಅವರಿಗೆ ಪ್ರಾಣಿ ಇಲ್ಲ, ಬೇಕು ಎಂದೂ ಅನಿಸಿಲ್ಲ. ಮೂಲೆಯಲ್ಲಿ ಏನಾದರೂ ಮಿಸುಕಿದರೆ ಈಗಲೂ ಕಾಲು ಎತ್ತಿಕೊಂಡು ಕುರ್ಚಿಯ ಮೇಲೆ ಕೂರುತ್ತಾರೆ. ಹೀಗಿರುವಾಗ ಒಂದು ಬೆಳಿಗ್ಗೆ ಅವರು ಪಕ್ಕದ ಮನೆಯ ಮುಂದೆ ಇಟ್ಟಿಗೆ ರಾಶಿ ಬಿದ್ದದ್ದನ್ನು ಕಂಡು ಬಂದು ಸುದ್ದಿ ಹೇಳಿದರು.

ಪಕ್ಕದ ಮನೆ ಡ್ರಿಲ್ ಮೇಷ್ಟ್ರು ತ್ರಿವಿಕ್ರಮ ಅವರದು. ನಿವೃತ್ತರಾದ ಮೇಲೆ ಡ್ರಿಲ್ ಮಾಡಿಸಲು ಮಕ್ಕಳು ಸಿಗದೆ ಅದನ್ನೆಲ್ಲ ತಮ್ಮ ಬೆಂಕಿಪ್ರಾಣಿ ಪ್ರಚಂಡನ ಮೇಲೆ ಪ್ರಯೋಗಿಸುತ್ತಿದ್ದರು. ಪ್ರಚಂಡ ಎಂದೋ ಬೆಳೆದು ಎಮ್ಮೆಯಷ್ಟು ದೊಡ್ಡದಾಗಿತ್ತು. ಮೇಷ್ಟ್ರು ಅದಕ್ಕೆ ಬೆಳಿಗ್ಗೆ ಬಸ್ಕಿ ಹೊಡೆಸಿ, ಉಪ್ಪು ಖಾರವಿಲ್ಲದ ಬೇಯಿಸಿದ ಸೋರೆಕಾಯಿ ತಿನ್ನಿಸುತ್ತಿದ್ದರು. ಪಾಪ, ಅದು ನಮ್ಮ ಒಗ್ಗರಣೆಯ ವಾಸನೆಗೆ ಕಾಂಪೌಂಡಿನ ಮೇಲೆ ಗಲ್ಲ ಇಟ್ಟುಕೊಂಡು ನಿಲ್ಲುತ್ತಿತ್ತು. ಈಗ ಅದರ ವ್ಯಾಯಾಮಕ್ಕೆಂದು ಮೇಷ್ಟ್ರು ತಾರಸಿಯ ಮೇಲೆ ಎತ್ತರದ ಕೋಣೆ ಕಟ್ಟಿಸಲು ಹೊರಟಿದ್ದರು. ಗೋಡೆ ಎದ್ದರೆ ನಮ್ಮ ತಾರಸಿಗೆ ಬಿಸಿಲು ಪೂರ್ತಿ ನಿಂತುಹೋಗುತ್ತದೆ. ಹಪ್ಪಳದ ಮಾತು ಹಾಗಿರಲಿ, ನೆರಳಲ್ಲಿ ಹುಲ್ಲುಪ್ರಾಣಿ ಹಳದಿಯಾಗಿ, ಒಣಗಿ, ಕೊನೆಗೆ ಎದ್ದೇಳುವುದಿಲ್ಲ. ಮಳೆಗಾಲದಲ್ಲಿ ಬಿಸಿಲು ಕಾಣದೆ ಎಲೆ ಉದುರಿಸಿಕೊಂಡಾಗ ನಾನು ಅದನ್ನು ಎದೆಗೊತ್ತಿಕೊಂಡು ಕೂತಿದ್ದೇನೆ. ಅದರ ಭಯ ನನಗೆ ಗೊತ್ತು.

ಹೋಗಿ ಕೇಳಿದೆ. "ಮೇಷ್ಟ್ರೇ, ಕೋಣೆ ಆ ಕಡೆ ಮಗ್ಗುಲಿಗೆ ಕಟ್ಟಿಸಿ. ಈ ಕಡೆ ಕಟ್ಟಿಸಿದ್ರೆ ನಮ್ಮ ದಂಟು ಬದುಕಲ್ಲ."

"ಅಂಬುಜಮ್ಮ, ಆ ಕಡೆ ವಾಸ್ತು ಸರಿಯಿಲ್ಲ" ಎಂದರು ಮೇಷ್ಟ್ರು. "ಅಲ್ದೆ ನಿಮ್ದು ಸೊಪ್ಪು. ನಾಳೆ ಸಂತೇಲಿ ಒಂದು ಕಟ್ಟು ತಂದ್ರೆ ಆಯ್ತು."

ಆ ಮಾತಿಗೆ ನನ್ನ ಮೈ ಉರಿದುಹೋಯಿತು. "ಹಾಗಾದ್ರೆ ಕಣಕ್ಕೆ ಬನ್ನಿ" ಎಂದುಬಿಟ್ಟೆ.

ನಮ್ಮೂರಲ್ಲಿ ವ್ಯಾಜ್ಯವೆಂದರೆ ಕಣ. ಇಬ್ಬರ ಪ್ರಾಣಿಗಳೂ ಎದುರುಬದುರು ನಿಲ್ಲುತ್ತವೆ. ಯಾವುದು ಮೊದಲು ಕುಸಿದು ಕೂರುತ್ತದೋ ಅದರವರು ಸೋತಂತೆ. ಬಿದ್ದದ್ದು ಏಳಲು ಒದ್ದಾಡುತ್ತಿರುವವರೆಗೆ ಸೋಲಲ್ಲ. ಮೇಲೆ ಇನ್ನೊಂದು ಕೋರ್ಟಿಲ್ಲ, ಮೇಲ್ಮನವಿಯಿಲ್ಲ. ದೂರು ಕೊಟ್ಟವರು ಜಾಗ ಹೇಳಬೇಕು, ದೂರು ಹೊತ್ತವರು ಹೊತ್ತು ಹೇಳಬೇಕು. ಮೇಷ್ಟ್ರು ಯೋಚನೆಯೇ ಮಾಡದೆ ನೆತ್ತಿ ಸುಡುವ ಮಧ್ಯಾಹ್ನ ಎಂದರು. ಬೆಂಕಿಯವರೆಲ್ಲ ಹೇಳುವುದು ಅದನ್ನೇ. ನಾನು ನಮ್ಮ ತಾರಸಿ ಎಂದೆ.

ಮನೆಗೆ ಬಂದಾಗ ನಮ್ಮನೆಯವರು ಮುಖ ಸಣ್ಣದು ಮಾಡಿಕೊಂಡು ಕೂತಿದ್ದರು. "ಅಲ್ಲ ಕಣೇ, ಬೆಂಕಿ ಎದುರು ಹುಲ್ಲು ನಿಲ್ಲಲ್ಲ ಅಂತ ನಂಗೇ ಗೊತ್ತು, ನಾನು ಹೊರಗಿನವನು. ನಿಂಗೆ ಗೊತ್ತಿಲ್ವಾ?"

"ಗೊತ್ತು ರೀ."

"ನಿನ್ನ ನಾಲ್ಕು ಪಟ್ಟಲ್ಲಿ ಹೊಡೆಯೋದು ಅಂತ ಒಂದಾದ್ರೂ ಇದ್ಯಾ? ಡಬ್ಬ ಇಳಿಸೋದು, ಕೂಸು ಮಲಗಿಸೋದು."

"ಹೊಡೀಬೇಕು ಅಂತ ಯಾರು ಹೇಳಿದ್ರು? ಅದು ಕೂರೋವರೆಗೆ ನಮ್ಮದು ನಿಂತಿದ್ರೆ ಸಾಕು. ನೀವು ಸುಮ್ನೆ ಉದ್ದಿನಹಿಟ್ಟು ತಂದ್ಕೊಡಿ. ಇಂಗು ಮೆಣಸು ಸ್ವಲ್ಪ ಜಾಸ್ತಿನೇ ತನ್ನಿ."

ಆ ದಿನ ಬಂದಾಗ ನಮ್ಮ ತಾರಸಿಯ ತುಂಬ ಹಪ್ಪಳ. ಪಂಚೆಗಳ ಮೇಲೆ ಒಂದರ ಪಕ್ಕ ಒಂದು, ಕಾಲಿಡಲು ಜಾಗವಿಲ್ಲದ ಹಾಗೆ ಒಣಹಾಕಿದ್ದೆ. ಊರವರೆಲ್ಲ ಸುತ್ತಲಿನ ತಾರಸಿಗಳ ಮೇಲೆ, ಮೆಟ್ಟಿಲುಗಳ ಮೇಲೆ ಕೊಡೆ ಹಿಡಿದು ಕೂತರು. ತೀರ್ಪು ಹೇಳುವವರು ದೇವೀರಮ್ಮ. ಊರಿನ ಕಣಗಳಿಗೆಲ್ಲ ಸೀಟಿ ಊದುವ ಹಿರಿಯರು. ಅವರಿಗೆ ನೀರಿನ ತೊಟ್ಟಿಯ ಪಕ್ಕ ಕುರ್ಚಿ ಹಾಕಿಸಿದ್ದೆ. ಮೇಷ್ಟ್ರು ಪ್ರಚಂಡನನ್ನು ಹತ್ತಿಸಿಕೊಂಡು ಬಂದವರು ತಾರಸಿ ನೋಡಿ ನಿಂತುಬಿಟ್ಟರು.

"ಏನ್ರೀ ಇದು? ಕಣ ಅಂದ್ರೆ ಖಾಲಿ ಇರ್ಬೇಕು. ದೇವೀರಮ್ಮನೋರೇ, ಇದನ್ನ ತೆಗೆಸಿ."

ದೇವೀರಮ್ಮ ಕನ್ನಡಕ ಸರಿಮಾಡಿಕೊಂಡು ಹಪ್ಪಳಗಳನ್ನೇ ಒಂದು ಗಳಿಗೆ ನೋಡಿದರು. "ಖಾಲಿ ಇರ್ಬೇಕು ಅಂತ ಯಾರೂ ಹೇಳಿಲ್ಲಪ್ಪ. ಜಾಗ ಅವಳು ಹೇಳಿದ್ದು. ಜಾಗ ಹೆಂಗಿದ್ಯೋ ಹಂಗೆ."

"ಸುಟ್ಟುಹೋದ್ರೆ ನಷ್ಟ ನಮ್ದೇ ಮೇಷ್ಟ್ರೇ, ನಿಮ್ಗೇನು" ಎಂದೆ ನಾನು, ಆದಷ್ಟು ಪಾಪದ ಮುಖ ಮಾಡಿಕೊಂಡು.

ಸೀಟಿ ಕೂಗಿತು. ದಂಟು ಮೊದಲ ಕೆಲಸವಾಗಿ ಬೀಜ ಉಗುಳಿತು. ಅದು ಪ್ರಚಂಡನ ಹೊಟ್ಟೆಯ ಮಡಿಕೆಗೆ ಹೋಗಿ ಅಂಟಿತು. ಅಷ್ಟು ದೊಡ್ಡ ಪ್ರಾಣಿಗೆ ಅದು ಸೊಳ್ಳೆ ಕಚ್ಚಿದಷ್ಟೂ ಆಗಲಿಲ್ಲ. ಊರವರು ನಕ್ಕರು. ಮುಂದಿನದು ನಿದ್ದೆಪುಡಿ. ಪ್ರಚಂಡ ಬಿಟ್ಟ ಉಸಿರಿಗೇ ಪುಡಿ ಅರ್ಧ ಸುಟ್ಟು, ಉಳಿದದ್ದು ಗಾಳಿಗೆ ಮೆಟ್ಟಿಲ ಕಡೆ ಹಾರಿತು. ನಮ್ಮನೆಯವರು ಕೊಡೆ ಹಿಡಿದ ಭಂಗಿಯಲ್ಲೇ ಗೋಡೆಗೊರಗಿ ಗೊರಕೆ ಶುರುಮಾಡಿದರು. ಅವರಿಗೆ ಅದೇ ಒಳ್ಳೆಯದಾಯಿತು.

"ಪ್ರಚಂಡಾ, ಒಂದು, ಎರಡು, ಉಗುಳು" ಎಂದು ಮೇಷ್ಟ್ರು ಡ್ರಿಲ್ ದನಿಯಲ್ಲಿ ಕೂಗಿದರು.

ಪ್ರಚಂಡ ಉಗುಳಿತು. ದಂಟು ತೊಟ್ಟಿಯ ಕೊಳವೆಗೆ ಬಳ್ಳಿ ಸುತ್ತಿ ಪಕ್ಕಕ್ಕೆ ಜಗ್ಗಿಕೊಂಡಿತು. ಬೆಂಕಿ ಪೂರ್ತಿ ಹಪ್ಪಳಗಳ ಮೇಲೆ ಹೋಯಿತು. ಒಂದು ಸಾಲು ಹಪ್ಪಳ ಚಟಚಟ ಎಂದು ಉಬ್ಬಿ, ಹೊಂಬಣ್ಣಕ್ಕೆ ತಿರುಗಿ, ಇಂಗು ಮೆಣಸಿನ ಘಮ ತಾರಸಿ ತುಂಬ ಎದ್ದಿತು. ನಾನೇ ಹೇಳುವುದಲ್ಲ, ಇಡೀ ಓಣಿ ಒಮ್ಮೆ ಮೂಗೆಳೆದುಕೊಂಡಿತು. ಹುಟ್ಟಿದಾಗಿನಿಂದ ಸಪ್ಪೆ ಸೋರೆಕಾಯಿ ತಿಂದ ಪ್ರಚಂಡ ಕಣ್ಣರಳಿಸಿ ನಿಂತಿತು. ಆಮೇಲೆ ಮೆಲ್ಲನೆ ಬಗ್ಗಿ ಒಂದು ಹಪ್ಪಳ ಬಾಯಿಗೆ ಹಾಕಿಕೊಂಡಿತು. ಕರುಂ ಎಂದಿತು. ಆ ಸದ್ದಿಗೆ ಅದಕ್ಕೇ ಆಶ್ಚರ್ಯ. ಇನ್ನೊಂದು ಹಾಕಿಕೊಂಡಿತು.

"ಪ್ರಚಂಡಾ, ಸಾವಧಾನ್. ಅದನ್ನ ಮುಟ್ಬೇಡ. ಎಣ್ಣೆ ಇರತ್ತೆ."

"ಸುಟ್ಟ ಹಪ್ಪಳಕ್ಕೆಲ್ಲಿಯ ಎಣ್ಣೆ ಮೇಷ್ಟ್ರೇ" ಎಂದು ಆ ಕಡೆ ತಾರಸಿಯಿಂದ ಯಾರೋ ಹೇಳಿದರು.

ಮೇಷ್ಟ್ರು ಕೂಗಿದಾಗೆಲ್ಲ ಪ್ರಚಂಡ ವಿಧೇಯವಾಗಿ ಒಮ್ಮೆ ಉಗುಳುತ್ತಿತ್ತು, ಆದರೆ ದಂಟುವಿನ ಕಡೆಗಲ್ಲ, ಹಸಿ ಹಪ್ಪಳ ಉಳಿದ ಕಡೆಗೆ. ಉಗುಳಿ, ಸುಟ್ಟದ್ದನ್ನು ಶ್ರದ್ಧೆಯಿಂದ ತಿನ್ನುತ್ತಿತ್ತು. ಗಾಳಿಗೆ ಹಾರಿದವನ್ನು ಊರವರು ಹಿಡಿದು ತಿಂದರು. ದೇವೀರಮ್ಮನ ಮಡಿಲಲ್ಲೂ ಒಂದು ಬಂದು ಬಿತ್ತು. ಅವರು ಸೀಟಿಯನ್ನು ಎಡಗೈಗೆ ದಾಟಿಸಿಕೊಂಡರು. ಅತ್ತ ಹೊಟ್ಟೆಯ ಮಡಿಕೆಯಲ್ಲಿ ಬೀಜ ತನ್ನ ಕೆಲಸ ಮಾಡುತ್ತಲೇ ಇತ್ತು. ಪ್ರಚಂಡನ ಮೊಣಕಾಲು ಸಣ್ಣಗೆ ನಡುಗತೊಡಗಿದ್ದನ್ನು ನಾನು ಕಂಡೆ. ಇನ್ನೊಂದು ಪಂಚೆ ಹಪ್ಪಳ ಮುಗಿಯುವಷ್ಟು ಹೊತ್ತು ಸಿಕ್ಕರೆ ಗೆದ್ದೆ ಎಂದುಕೊಂಡೆ.

ಮೇಷ್ಟ್ರಿಗೂ ಆ ನಡುಕ ಕಂಡಿತು. ಮುಖ ಕೆಂಪಾಯಿತು. "ಪ್ರಚಂಡಾ, ಬಿಸಿಲು ಏರಿಸು" ಎಂದು ಕಿರುಚಿದರು.

ಬಿಸಿಲು ಏರಿಸುವುದು ಬೆಂಕಿಯವರ ಹೆಮ್ಮೆಯ ಪಟ್ಟು. ಪ್ರಾಣಿ ಆಕಾಶಕ್ಕೆ ಮುಖವೆತ್ತಿ ಕೂಗಿದರೆ ಸೂರ್ಯ ಎರಡು ಆಳೆತ್ತರ ಕೆಳಗಿಳಿದ ಹಾಗಾಗುತ್ತದೆ. ಬೆಂಕಿಯ ಕಾವು ಇಮ್ಮಡಿಯಾಗುತ್ತದೆ. ಪ್ರಚಂಡ ಕೂಗಿತು. ಕೊಡೆಗಳೆಲ್ಲ ಕಾದವು. ಅದರ ಬೆನ್ನಿಗೇ ಬಂದ ಉಗುಳಿಗೆ ದಂಟುವಿನ ಬಳ್ಳಿ ಸುಟ್ಟು, ಬೆನ್ನಿನ ಸೊಪ್ಪೆಲ್ಲ ಕರಿಕಲಾಗಿ, ಅದು ಉರುಳಿ ಬಂದು ನನ್ನ ಕಾಲ ಬಳಿ ಬಿತ್ತು. ಊರವರು ಹಪ್ಪಳ ಅಗಿಯುವುದನ್ನು ನಿಲ್ಲಿಸಿದರು. ನನ್ನ ಜಾಣತನವೆಲ್ಲ ಎಲ್ಲಿ ಹೋಯಿತೋ. ಬೋಳು ಬೆನ್ನಿನ ಮರಿಯೊಂದು ನಾಲ್ಕು ಕಾಲ ಮೇಲೆ ನಿಲ್ಲಲು ಒದ್ದಾಡುತ್ತಿತ್ತು. ಸಾಕು, ಸೋತೆ ಎಂದು ಹೇಳಲು ನಾನು ದೇವೀರಮ್ಮನ ಕಡೆ ತಿರುಗಿದೆ.

ಆಗ ದಂಟು ಬಾಯಿ ಕಳೆಯಿತು.

ಬೆಂಕಿ, ನೀರು ಸಾಕುವವರೇ ತುಂಬಿದ ಊರಲ್ಲಿ ಒಂದು ಮಾತು ಎಲ್ಲರಿಗೂ ಮರೆತುಹೋಗಿತ್ತು. ಬೆಂಕಿ ಬೆಂಕಿಯ ಎದುರು, ಬೆಂಕಿ ನೀರಿನ ಎದುರು ಕಾದಾಡಿ ಅಭ್ಯಾಸ. ಹುಲ್ಲಿನ ಎದುರು ಬಿಸಿಲು ಏರಿಸಿದವರು ನಮ್ಮಲ್ಲಿ ಯಾರೂ ಇರಲಿಲ್ಲ. ಮೇಷ್ಟ್ರು ತಮ್ಮ ಪ್ರಾಣಿಯ ಕಸುವೆಲ್ಲ ಖರ್ಚು ಮಾಡಿಸಿ, ನನ್ನ ದಂಟುವಿಗೆ ಜನ್ಮದಲ್ಲಿ ಕಾಣದಂಥ ಹಬ್ಬದೂಟ ಬಡಿಸಿದ್ದರು. ದಂಟು ಆ ಬಿಸಿಲನ್ನು ಗಟಗಟ ಕುಡಿಯಿತು. ಅತ್ತ ಬೀಜದಿಂದ ಪ್ರಚಂಡನ ಕಸುವೂ ಬಂದು ಸೇರಿತು. ಸುಟ್ಟ ಎಲೆಗಳ ಬುಡದಲ್ಲಿ ಹಸಿರು ಚುಕ್ಕೆ ಕಂಡಿತು. ಕಂಡ ಮರುಗಳಿಗೆಗೆ ಅದರ ಮೈಯೆಲ್ಲ ಬೆಳ್ಳಗೆ ಬೆಳಗಿತು.

ಇಂಥ ಹೊತ್ತಲ್ಲಿ ನಾನು ಬೇಡ ಎನ್ನುವುದು ಊರಿಗೆಲ್ಲ ಪರಿಚಿತ. ಮೇಷ್ಟ್ರು ಅದಕ್ಕಾಗಿಯೇ ಕಾಯುತ್ತ ನನ್ನ ಬಾಯಿಯನ್ನೇ ನೋಡುತ್ತಿದ್ದರು. ದಂಟುವೂ ಕತ್ತೆತ್ತಿ ನನ್ನನ್ನೇ ನೋಡಿತು. ಉಂಡೆ ಕದಿಯಲು ಹೋಗಿ ಸಿಕ್ಕಿಬಿದ್ದಾಗ ನೋಡುವ ಹಾಗೆ. ಬೇಡ ಎಂದರೆ ಅದು ನನ್ನದಾಗೇ ಉಳಿಯುತ್ತದೆ, ಚಿಕ್ಕದಾಗಿ, ಮಡಿಲಿಗೆ ಸರಿಯಾಗಿ. ಮುಂದಿನ ಉಗುಳಿಗೆ ಸೋಲುತ್ತದೆ, ಗೋಡೆ ಏಳುತ್ತದೆ, ನೆರಳಲ್ಲಿ ಒಣಗುತ್ತದೆ. ಸುಮ್ಮನಿದ್ದರೆ ಬದುಕುತ್ತದೆ, ಆದರೆ ಇವತ್ತು ಸಂಜೆ ನನ್ನ ಮಡಿಲಿಗೆ ಬರುವುದಿಲ್ಲ, ನಾಳೆಯೂ ಇಲ್ಲ. ಅಭ್ಯಾಸಬಲದಿಂದ ತುಟಿ ಆಗಲೇ ತೆರೆದಿತ್ತು.

ಬಗ್ಗಿ, ಪಂಚೆಯ ಮೇಲಿದ್ದ ಸುಟ್ಟ ಹಪ್ಪಳವೊಂದನ್ನು ಎತ್ತಿಕೊಂಡು ಪೂರ್ತಿ ಬಾಯಿಗೆ ತುರುಕಿಕೊಂಡೆ.

ಆಮೇಲೆ ಆದದ್ದನ್ನು ಊರವರು ಇವತ್ತಿಗೂ ಒಬ್ಬೊಬ್ಬರು ಒಂದೊಂದು ಥರ ಹೇಳುತ್ತಾರೆ. ನನಗೆ ಕಣ್ಣು ಮಂಜಾಗಿತ್ತು, ಮೆಣಸಿನ ಖಾರಕ್ಕೆ ಎಂದು ಎಲ್ಲರಿಗೂ ಹೇಳಿದ್ದೇನೆ. ಕಂಡಷ್ಟು ಹೇಳುತ್ತೇನೆ. ದಂಟು ಎದ್ದಿತು, ಏಳುತ್ತಲೇ ಹೋಯಿತು. ಬೇರು ತಾರಸಿಯ ಅಂಚಿನಿಂದ ಇಳಿದು ಗೋಡೆ ತಬ್ಬಿ ನೆಲಕ್ಕೆ ಹೋಯಿತು. ತೊಟ್ಟಿ ಓರೆಯಾಯಿತು. ಕೊಂಬೆಗಳು ಹರಡಿ, ಏರಿಸಿದ ಬಿಸಿಲನ್ನೆಲ್ಲ ಮೇಲೆಯೇ ತಡೆದು ಹಿಡಿದವು. ಪ್ರಚಂಡ ತಲೆಯೆತ್ತಿ ಅಷ್ಟು ದೊಡ್ಡ ಹಸಿರನ್ನು ನೋಡಿತು, ತಂಪು ನೆರಳನ್ನು ನೋಡಿತು, ಬಾಯಲ್ಲಿದ್ದ ಹಪ್ಪಳ ನುಂಗಿತು, ಮತ್ತು ಬಲು ನೆಮ್ಮದಿಯಿಂದ ಕುಸಿದು ಕೂತಿತು. ದೇವೀರಮ್ಮ ಬಾಯಿ ಒರೆಸಿಕೊಂಡು ಸೀಟಿ ಊದಿದರು. ಆ ಸದ್ದಿಗೆ ನಮ್ಮನೆಯವರಿಗೆ ಎಚ್ಚರವಾಯಿತು. ಮೇಲೆ ನೋಡಿದವರು "ನಮ್ಮನೆ ಎಲ್ಲಿ?" ಎಂದು ಕೇಳಿದರು.

ಮೇಷ್ಟ್ರ ಇಟ್ಟಿಗೆ ವಾಪಸ್ಸು ಹೋಯಿತು. ಬಿಸಿಲು ಗೆದ್ದುಕೊಂಡೆ ಎಂದು ಊರಲ್ಲಿ ಒಂದು ವಾರ ಎದೆಯುಬ್ಬಿಸಿ ತಿರುಗಿದೆ. ಆಮೇಲೆ ಹಿಟ್ಟು ಕಲಸಿ, ಹಪ್ಪಳ ಒತ್ತಿ, ಪಂಚೆ ಹಾಸಲು ತಾರಸಿಗೆ ಹೋಗಿ ನೋಡುತ್ತೇನೆ, ಅಂಗೈಯಗಲ ಬಿಸಿಲಿಲ್ಲ. ಈ ತುದಿಯಿಂದ ಆ ತುದಿಯವರೆಗೆ ದಂಟುವಿನ ನೆರಳು. ಬಿಸಿಲು ಬೀಳುತ್ತಿದ್ದದ್ದು ಒಂದೇ ಕಡೆ, ಕೋಣೆ ಏಳದ ಮೇಷ್ಟ್ರ ತಾರಸಿಯ ಮೇಲೆ. ಮರ್ಯಾದೆ ಬಿಟ್ಟು, ಹಪ್ಪಳದ ಮೊರ ಹಿಡಿದು ಅವರ ಬಾಗಿಲು ತಟ್ಟಿದೆ.

ಮೇಷ್ಟ್ರು ಮೊರ ನೋಡಿದರು, ನನ್ನ ಮುಖ ನೋಡಿದರು. ನಗುತ್ತಾರೆ ಎಂದುಕೊಂಡೆ. ನಗಲಿಲ್ಲ. "ಹಾಕ್ಕೊಳಿ" ಎಂದರು. "ಆದ್ರೆ ಪ್ರಚಂಡ ಸೋರೆಕಾಯಿ ಮುಟ್ತಿಲ್ಲ ಅಂಬುಜಮ್ಮ. ದಿನಾ ಊಟದ ಹೊತ್ತಿಗೆ ಅದ್ಕೆ ಹಪ್ಪಳ ಬೇಕು."

"ಅದ್ಕೆ ಮಾತ್ರನಾ ಮೇಷ್ಟ್ರೇ?"

"ನಂಗೂ ಒಂದು" ಎಂದರು, ಆ ಕಡೆ ತಿರುಗಿಕೊಂಡು.

ಈಗ ನಮ್ಮ ಹಪ್ಪಳ ಅವರ ತಾರಸಿಯಲ್ಲಿ ಒಣಗುತ್ತದೆ, ಅವರ ಪ್ರಾಣಿ ನಮ್ಮ ತಾರಸಿಯ ನೆರಳಲ್ಲಿ ಮಲಗುತ್ತದೆ. ಮಧ್ಯಾಹ್ನ ಮೇಷ್ಟ್ರೂ ಅಲ್ಲೇ ಚಾಪೆ ಹಾಕುತ್ತಾರೆ. ಕಾಗೆಗಳು ದಂಟುವಿನ ಕೊಂಬೆಗಳಲ್ಲೇ ಗೂಡು ಕಟ್ಟಿವೆ. ಆ ದಿನ ಬೇಡ ಅನ್ನೋದು ಮರ್ತೇಹೋಯ್ತಾ ಎಂದು ಯಾರಾದರೂ ಕೇಳಿದರೆ, ಏನು ಮಾಡಲಿ, ಬಾಯಲ್ಲಿ ಹಪ್ಪಳ ಇತ್ತು ಎನ್ನುತ್ತೇನೆ.

ಸಂಜೆ ಕಿಟಕಿಯ ಪಕ್ಕ ಹಿಟ್ಟಿನ ತಟ್ಟೆ ಇಟ್ಟುಕೊಂಡು ಕೂರುತ್ತೇನೆ. ಮೊದಮೊದಲು ಮಡಿಲು ಬರಿದೆನಿಸಿ ಅಳು ಬರುತ್ತಿತ್ತು. ಒಂದು ದಿನ ಮೇಲಿನಿಂದ ಬಳ್ಳಿಯೊಂದು ಇಳಿದು, ಕಿಟಕಿಯ ಸರಳುಗಳ ನಡುವೆ ತೂರಿ ಬಂತು. ನನ್ನ ಮಡಿಲಲ್ಲಿ ಸುರುಳಿ ಸುತ್ತಿಕೊಂಡಿತು. ಅಂದಿನಿಂದ ದಿನವೂ ಬರುತ್ತದೆ. ನಾನು ಅದರ ಹಣ್ಣೆಲೆ ಆರಿಸಿ ತೆಗೆಯುತ್ತೇನೆ. ಸ್ವಲ್ಪ ಹೊತ್ತು ಸುಮ್ಮನಿದ್ದು, ನಾನು ಬೇರೆ ಕಡೆ ನೋಡಿದಾಗ ಅದರ ತುದಿ ಮೆಲ್ಲಗೆ ತಟ್ಟೆಯ ಕಡೆ ಹರಿಯುತ್ತದೆ. ಬೇಡ ಎನ್ನುತ್ತೇನೆ. ಉಂಡೆ ಎತ್ತಿಕೊಂಡು ಹೊರಟೇ ಹೋಗುತ್ತದೆ. ಈಗ ನನ್ನ ಮಾತು ಕೇಳುವುದಿಲ್ಲ. ಬೆಳೆದಿದೆಯಲ್ಲ.